ಮೂರು ನಿಮಿಷದ ಸಿಗಡಿ

ಮೂರು ನಿಮಿಷದ ಅಡುಗೆ ಕೆಡಲು ಎರಡು ನಿಮಿಷ ಸಾಕು. ನನ್ನ ಕೆಲಸದಲ್ಲಿ ಆ ಎರಡು ನಿಮಿಷ ಎಲ್ಲಿಂದಲೋ ಬಂದೇ ಬರುತ್ತವೆ.

ನಾನು ಕೂಡ್ಲಿಗಿಯವನು. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಕೆರೆಯಲ್ಲಿ ಸಿಗಡಿ ಸಾಕುವ ಒಂದು ಸಣ್ಣ ಕಂಪನಿ ನನ್ನನ್ನು ಮೂರು ತಿಂಗಳು ನೋಡೋಣ ಎಂದು ತೆಗೆದುಕೊಂಡಿತು. ಹಳ್ಳಿಗಳಿಗೆ ಹೋಗಿ, ಮಹಿಳಾ ಸಂಘದವರ ಮುಂದೆ ಸಿಗಡಿ ಬೇಯಿಸಿ ತೋರಿಸಬೇಕು. ತಿಂದವರು ಫಾರಂನಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಸರಾಸರಿ ಏಳು ಬಂದರೆ ಕೆಲಸ ಕಾಯಂ. ಬರದಿದ್ದರೆ ಮನೆಗೆ.

ವಿಧಾನ ಸುಲಭ. ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಒಂದು ಹಿಡಿ ಹುರಿದ ಶೇಂಗಾ, ನಿಂಬೆರಸ ರುಬ್ಬಿ ಇಟ್ಟುಕೊಳ್ಳಬೇಕು. ಕಾದ ಬಾಣಲೆಗೆ ಎಣ್ಣೆ, ಸಿಗಡಿ. ಮೂರು ನಿಮಿಷ. ಇಳಿಸಿ ಹಸಿರು ಚಟ್ನಿ ಕಲಸುವುದು. ಸಿಗಡಿ ಬಿಲ್ಲಿನಂತೆ ಬಾಗಿದರೆ ಬೆಂದಿದೆ. ಉಂಗುರದಂತೆ ಸುತ್ತಿಕೊಂಡರೆ ರಬ್ಬರ್. ನಡುವೆ ಎರಡೇ ನಿಮಿಷ. ನನ್ನ ನಿದ್ದೆ ಕೆಡಿಸಿದ್ದು ಆ ಎರಡು ನಿಮಿಷ.

1. ಏಳು ಸೀಟಿ

ಮೊದಲ ಊರು ಕೋಗಳಿ ಹತ್ತಿರದ್ದು. ಎಲ್ಲ ಸಿದ್ಧ ಮಾಡಿಕೊಂಡೆ. ಅಷ್ಟರಲ್ಲಿ ಕಂಪನಿಯ ಸಾಹೇಬರ ಫೋನು. ಅಂಗಳಕ್ಕೆ ಹೋಗಿ ಮಾತಾಡಿ ಬಂದೆ. ಬಾಣಲೆ ಖಾಲಿ. ಮೂಲೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ಪಕ್ಕದಲ್ಲಿ ಆ ಮನೆಯ ಅಜ್ಜಿ.

"ಅಜ್ಜಿ, ಸಿಗಡಿ ಎಲ್ಲಿ?"

"ಒಳಗ ಹಾಕೀನಿ ತಮ್ಮಾ. ನೀನು ಮಾತಿಗೆ ನಿಂತಿ, ಕೆಲಸ ನಿಲ್ಲಬಾರ್ದಲ್ಲ."

"ಎಷ್ಟು ಸೀಟಿ ಆತು?"

"ಇದು ಏಳನೇದು."

ನಾನು ಗೋಡೆಗೆ ಒರಗಿದೆ. ಅಜ್ಜಿಗೆ ನನ್ನ ಮುಖ ನೋಡಿ ಅನುಮಾನ ಬಂತು. "ಯಾಕಪ್ಪಾ? ಕುರಿ ಮಾಂಸಕ್ಕ ಎಂಟು ಕೂಗಿಸ್ತೀವಿ. ಇದು ಸಣ್ಣ ಜೀವ ಅಂತ ಒಂದು ಕಡಿಮಿ ಮಾಡೀನಿ."

ಮುಚ್ಚಳ ತೆಗೆದಾಗ ಕಡಲೆ ಗಾತ್ರದ ಉಂಗುರಗಳಿದ್ದವು. ಆ ದಿನ ನಾನು ಫಾರಂ ಹೊರಗೆ ತೆಗೆಯಲೇ ಇಲ್ಲ.

2. ಹತ್ತಕ್ಕೆ ಹತ್ತು

ನೀಲಗುಂದದ ಕಡೆಯ ಹಳ್ಳಿಗೆ ಹೋದ ದಿನ ಸೋಮವಾರ, ಅಲ್ಲಿ ಯಾರೂ ಮಾಂಸ ಮುಟ್ಟದ ವಾರ. ದಿನ ಗೊತ್ತುಮಾಡಿದವರು ಆಫೀಸಿನವರು. ನಾನಾದರೂ ಯೋಚಿಸಬೇಕಿತ್ತು. ಐಸಿನಿಂದ ತೆಗೆದ ಸಿಗಡಿ ಮತ್ತೆ ಐಸಿಗೆ ಹೋಗುವಂತಿರಲಿಲ್ಲ.

ಇಪ್ಪತ್ತು ಜನ ಹೆಂಗಸರು ಸಾಲಾಗಿ ಕೂತರು. ಒಬ್ಬರು ಸಮಾಧಾನ ಹೇಳಿದರು: "ಮಾಡ್ರಿ, ನಾವು ನೋಡ್ತೀವಿ. ತಿನ್ನೋದು ನಾಳಿ."

"ನಾಳಿಗೆ ಇದು ಕೆಡ್ತೈತಿ."

"ಹಂಗಾರ ನೋಡೋದಷ್ಟಽ ಇರ್ಲಿ."

ಬೇಯಿಸಿದೆ. ಮೂರು ನಿಮಿಷ, ಒಂದು ಸೆಕೆಂಡ್ ಹೆಚ್ಚಿಲ್ಲ. ಪ್ರತಿಯೊಂದೂ ಬಿಲ್ಲು. ಅಷ್ಟು ಚೆನ್ನಾಗಿ ನಾನು ಮತ್ತೆಂದೂ ಬೇಯಿಸಿಲ್ಲ. ಯಾರೂ ಮುಟ್ಟಲಿಲ್ಲ. ಕಲಸದೆ ಉಳಿದಿದ್ದ ಚಟ್ನಿಯ ಡಬ್ಬಿ ಮಾತ್ರ ಕೈಯಿಂದ ಕೈಗೆ ಹೋಯಿತು. ಮನೆಗಳಿಂದ ರೊಟ್ಟಿ ಬಂದವು. ಡಬ್ಬಿ ತೊಳೆದಂತೆ ವಾಪಸು ಬಂತು. ಫಾರಂ ತುಂಬಿದರು.

ಸಂಜೆ ಸಾಹೇಬರಿಗೆ ಫೋನಿನಲ್ಲಿ ಅಂಕ ಓದಿದೆ.

"ಇಪ್ಪತ್ತು ಮಂದೀನೂ ಹತ್ತಕ್ಕ ಹತ್ತು? ಭಪ್ಪರೆ! ಸಿಗಡಿ ಎಷ್ಟು ತಿಂದ್ರು?"

"ಒಂದೂ ಇಲ್ಲ ಸರ್."

3. ಐಸಿನ ಡಬ್ಬಿ

ಗಾಡಿ ಓಡಿಸುವ ಅಣ್ಣ ಕೊಟ್ಟೂರಿನವನು. ಮಾಂಸ ಮುಟ್ಟದ ಮನೆತನ. ಕೆಲಸಕ್ಕೆ ಸೇರುವಾಗಲೇ ಅವನು ಒಂದು ಒಪ್ಪಂದ ಮಾಡಿಕೊಂಡಿದ್ದ: "ನಾನು ಒಯ್ಯೋದು ಐಸು. ಐಸಿನ ಒಳಗ ಏನೈತಿ ಅಂತ ನೀವು ಹೇಳಬಾರ್ದು, ನಾನು ಕೇಳಬಾರ್ದು." ಮನೆಯಲ್ಲೂ ಅವನು, ಐಸು ಒಯ್ದು ಹಳ್ಳಿ ಮಂದಿಗೆ ಏನೋ ಮಾಡಿ ತಿನ್ನಿಸುವ ಕೆಲಸ ಎಂದಷ್ಟೇ ಹೇಳಿದ್ದ.

ಒಂದು ಮಧ್ಯಾಹ್ನ ನೀರು ಕುಡಿಯಲು ಅವನ ಮನೆ ಮುಂದೆ ಗಾಡಿ ನಿಲ್ಲಿಸಿದೆವು. ಅವನ ತಾಯಿ ದೊಡ್ಡ ಪಾತ್ರೆ ಹಿಡಿದು ಹೊರಗೆ ಬಂದರು. "ಬೀಗರು ಬಂದಾರ. ಪಾನಕಕ್ಕ ಒಂದೀಟು ಐಸು ಕೊಡ್ರಿ." ಕೈ ಆಗಲೇ ಡಬ್ಬಿಯ ಮುಚ್ಚಳದ ಮೇಲಿತ್ತು.

ಅಣ್ಣ ಆಕಾಶ ನೋಡಿದ. ನಾನು ಬಾಯಿಗೆ ಬಂದದ್ದು ಹೇಳಿದೆ: "ಬ್ಯಾಡ್ರಿ ಅಮ್ಮಾ, ಅದು ಕೆಮಿಕಲ್ ಐಸು. ತಿನ್ನಂಗಿಲ್ಲ."

ಅವರು ಕೈ ತೆಗೆದರು. "ಮತ್ತ ಹಳ್ಳಿ ಮಂದಿಗೆ ಏನೋ ಮಾಡಿ ತಿನ್ನಸ್ತೀವಿ ಅಂತಿದ್ನಲ್ಲ ಇವ? ಕೆಮಿಕಲ್ಲಾ?"

ಅಣ್ಣ ಮತ್ತೆ ಆಕಾಶ ನೋಡಿದ. ತಾಯಿ ಮಗನ ಭುಜ ಹಿಡಿದರು. ಕಣ್ಣಲ್ಲಿ ನೀರಿತ್ತು.

"ಈ ಪಾಪದ ಕೆಲಸ ಬಿಟ್ಟುಬಿಡಪ್ಪಾ. ಇದಕ್ಕಿಂತ ಮೀನು ಮಾರೋದು ಚಲೋ."

4. ಹಿರಿಯರು ಬರಬೇಕು

ಮೂರು ತಿಂಗಳ ಕೊನೆಯ ದಿನ. ಚಟ್ನಿಯ ಹತ್ತಕ್ಕೆ ಹತ್ತನ್ನು ಸಾಹೇಬರು ಹೊಡೆದುಹಾಕಿದ್ದರು. ನನ್ನ ಸರಾಸರಿ ಆರೂಮುಕ್ಕಾಲು. ಈ ಊರಲ್ಲಿ ಎಲ್ಲರೂ ಒಂಬತ್ತು ಕೊಟ್ಟರೆ ಏಳು ದಾಟುತ್ತೇನೆ ಎಂದು ರಾತ್ರಿ ಮೂರು ಸಲ ಗುಣಿಸಿ ನೋಡಿದ್ದೆ. ಸಾಹೇಬರೂ ಜೊತೆಗೆ ಬಂದಿದ್ದರು.

ಹಡಗಲಿ ತಾಲ್ಲೂಕು, ಮೈಲಾರದ ದಾರಿ. ಕುರಿ ಸಾಕುವವರ ಮನೆಯಂಗಳ. ಹಿಂದಿನ ತಪ್ಪುಗಳ ಪಟ್ಟಿ ಮಾಡಿಕೊಂಡು ಹೋಗಿದ್ದೆ. ವಾರ ಬುಧವಾರ. ಫೋನು ಬಂದ್. ಕುಕ್ಕರ್ ಎಲ್ಲಿದೆ ಎಂದು ನೋಡಿ, ಅದರ ಸೀಟಿ ನನ್ನ ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಮೂರು ನಿಮಿಷ. ಇಳಿಸಿದೆ. ಎಲ್ಲ ಬಿಲ್ಲು. ಸಾಹೇಬರ ಮುಂದೆ ತಟ್ಟೆ ಇಡಲು ಹೋದೆ. ಮನೆಯ ಸೊಸೆ ತಡೆದಳು.

"ತಡೀರಿ. ಮೊದ್ಲು ದುರುಗಮ್ಮಗ ಎಡಿ ಆಗ್ಬೇಕು."

"ಲಗೂನ ಮಾಡ್ರಿ ಅಕ್ಕಾ."

"ಎಡಿ ಹಿಡಿಯೋರು ನಮ್ಮ ಮಾವ. ಕುರಿ ಹಿಂದ ಹೋಗ್ಯಾರ. ಈಗ ಬರ್ತಾರ."

ಈಗ ಎಂದರೆ ನಲವತ್ತು ನಿಮಿಷ. ಕೆಂಡದ ಪಕ್ಕದಲ್ಲೇ ಬಾಣಲೆ. ಎತ್ತಿಡಲು ಹೋದರೆ, "ಎಡಿ ಆಗೋತನ ಮುಟ್ಟಬಾರ್ದು." ದಪ್ಪ ಕಬ್ಬಿಣದೊಳಗೆ ನನ್ನ ಬಿಲ್ಲುಗಳು ಒಂದೊಂದಾಗಿ ಉಂಗುರವಾಗುವುದನ್ನು ಕೂತು ನೋಡಿದೆ. ಸಾಹೇಬರು ಗಡಿಯಾರ ನೋಡಿದರು. ನಾನು ನೋಡಲಿಲ್ಲ.

ಹಿರಿಯರು ಬಂದರು. ಕಂಬಳಿ ಕೊಡವಿ, ಕಾಲು ತೊಳೆದು, ದೇವಿಗೆ ಎಡೆ ಹಿಡಿದು, ನಿಧಾನವಾಗಿ ಕೂತರು. ಒಂದು ಸಿಗಡಿ ಬಾಯಿಗೆ ಹಾಕಿಕೊಂಡರು. ಅಗಿದರು. ಅಗಿಯುತ್ತಲೇ ಇದ್ದರು.

ಸೊಸೆ ಮೆಲ್ಲಗೆ ನನಗೆ ಹೇಳಿದಳು, "ಅವ್ರು ಎಷ್ಟು ಕೊಡ್ತಾರೋ, ನಮ್ದೆಲ್ಲಾ ಅಷ್ಟಽ ಬರ್ಕೋರಿ."

"ಹೆಂಗೈತ್ರಿ ಯಜಮಾನ್ರ?" ಸಾಹೇಬರು ಕೇಳಿದರು.

ಕೈ ಎತ್ತಿ ತಡೆದರು. ಇನ್ನೂ ಅಗಿಯುವುದು ಬಾಕಿ ಇತ್ತು. ಕೊನೆಗೆ ನುಂಗಿದರು.

"ಚಲೋ ಐತ್ರಿ. ಈಗಿನೋರು ಮಾಡೋದು ಬಾಯಾಗ ಇಟ್ರ ಕರಗಿ ಹೋಗ್ತೈತಿ, ತಿಂದಂಗಽ ಆಗಂಗಿಲ್ಲ. ಇದು ಒಂದು ಬಾಯಾಗ ಹಾಕ್ಕೊಂಡ್ರ ಕುರಿ ಹಳ್ಳ ದಾಟೋತನ ಬರ್ತೈತಿ. ಒಂಬತ್ತು ಬರ್ಕೊ."

ನನ್ನ ಉಸಿರು ವಾಪಸು ಬಂತು. ಎಲ್ಲ ಫಾರಂಗಳಲ್ಲೂ ಒಂಬತ್ತು ಬರೆದುಕೊಂಡೆ. ಸಾಹೇಬರು ಸುಮ್ಮನಿರಬಹುದಿತ್ತು. ಇರಲಿಲ್ಲ. "ಒಂದು ಯಾಕ ಕಡಿಮಿ ಮಾಡಿದ್ರಿ?"

ಹಿರಿಯರು ನನ್ನ ಕಡೆ ಕನಿಕರದಿಂದ ನೋಡಿದರು.

"ಹುಡುಗ ಅವಸರ ಮಾಡ್ಯಾನ. ಒಂದು ಏಳು ಸೀಟಿ ಕೂಗಿಸಿದ್ರ ಹತ್ತಕ್ಕ ಹತ್ತು ಕೊಡ್ತಿದ್ನಿ."

ಸಾಹೇಬರು ಎದ್ದು ನಿಂತು ನನಗೆ ಒಂದೇ ಮಾತು ಹೇಳಿದರು: "ನಾಳಿಯಿಂದ ಗಾಡ್ಯಾಗ ಒಂದು ಕುಕ್ಕರ್ ಇಟ್ಕೊರಿ."

ನಾಳೆಯಿಂದ ಎಂದದ್ದು ಕೇಳಿ ಕೆಲಸ ಉಳಿಯಿತೆಂದು ತಿಳಿಯಿತು. ಜೇಬಿನಲ್ಲಿದ್ದ ಸೀಟಿಯನ್ನು ಯಾರಿಗೂ ಕಾಣದಂತೆ ಆ ಮನೆಯ ಕುಕ್ಕರಿಗೆ ಸಿಕ್ಕಿಸಿ ಬಂದೆ.