ಪರೇಲಿನಲ್ಲಿ ನಾನು ಕಾದ ಬಿಳಿ ಗೋಡೆ

ನಂಬುವುದಿಲ್ಲ ಅಂತೀರಾ? ಎದುರಿಗೆ ಕೂತು ಅನ್ನಿ, ನೋಡೋಣ. ವಿಜಾಪುರದ ಕಡೆಯ ನಮ್ಮ ಹಳ್ಳಿಯಲ್ಲಿ ನಾನು ಗದರಿಸಿದರೆ ಗೂಳಿ ಹಿಂದಕ್ಕೆ ಸರಿಯುತ್ತಿತ್ತು. ಮುಂಬಯಿಯಲ್ಲಿ ಮಾತ್ರ ನಾನು ಗದರಿಸಿದಾಗಲೆಲ್ಲ ಏನಾದರೊಂದು ತಿರುವುಮುರುವು ಆಗುತ್ತಲೇ ಇತ್ತು.

ಪರೇಲಿನ ಒಂದು ಚಾಳಿನ ಮಾಲೀಕ ಶೇಠ್ ನನಗೆ ಮೆಟ್ಟಿಲ ಕೆಳಗೆ ಮಲಗಲು ಜಾಗ ಕೊಟ್ಟಿದ್ದ. ಷರತ್ತು ಒಂದೇ: ಖೋಲಿಗಳ ಮುಂದಿನ ಗ್ಯಾಲರಿಯ, ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಹುಡುಗರು ಇದ್ದಿಲಿನಿಂದ ಗೀಚಬಾರದು. ದಸರೆಗೆ ಬಂದು ನೋಡುತ್ತೇನೆ, ಕೊಳೆಯಾಗಿದ್ದರೆ ಹಾಸಿಗೆ ಸುತ್ತು ಅಂದ. ಆ ಜಾಗ ಬಿಟ್ಟರೆ ನನಗೆ ಈ ಊರಲ್ಲಿ ಕಾಲು ಚಾಚಲು ನೆಲವಿರಲಿಲ್ಲ. ಆದರೂ ಹುಡುಗರ ಹಿಂದೆ ಓಡುವವನು ನಾನಲ್ಲ. ನೇರ ಅಪ್ಪ ಅಮ್ಮಂದಿರನ್ನೇ ಹಿಡಿದೆ.

ಮೊದಲನೆಯದು

ಧಾರವಾಡ ಕಡೆಯ ಗುಮಾಸ್ತರ ಮಗ ಬಾಗಿಲ ಪಕ್ಕದಲ್ಲೇ ದೊಡ್ಡದಾಗಿ ತನ್ನ ಹೆಸರು ಬರೆದಿದ್ದ. ಗುಮಾಸ್ತರನ್ನು ಊಟದಿಂದ ಎಬ್ಬಿಸಿ ತಂದು ನಿಲ್ಲಿಸಿದೆ.

"ನೋಡ್ರಿ, ನಿಮ್ಮ ಮಗನ ಪ್ರತಾಪ."

ಅವರು ಚಷ್ಮಾ ಒರೆಸಿಕೊಂಡು ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಒಳಗಿದ್ದ ಹೆಂಡತಿಯನ್ನು ಕೂಗಿದರು: "ಏ, ಇಲ್ಲಿ ಬಾ. ನಿನ್ನ ಮಗಗ ಅಕ್ಷರ ಬಂದಾವ. ಮಾಸ್ತರ ಇವನ ತಲ್ಯಾಗ ಏನೂ ಹೋಗೂದಿಲ್ಲ ಅಂದಿದ್ದ."

ಆಕೆ ಗೋಡೆ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಕ್ಕರೆ ಡಬ್ಬಿ ತಂದರು. "ಮೊದಲ ಸುದ್ದಿ ಹೇಳಿದಾಂವ ನೀನs, ಬಾಯಿ ತಗಿಯಪ್ಪಾ."

ಬೈಯಲು ಹೋದವನು ತುಟಿ ಚಪ್ಪರಿಸುತ್ತ ವಾಪಸು ಬಂದೆ.

ಎರಡನೆಯದು

ಒಂದು ಮುಂಜಾನೆ ಗೋಡೆಯುದ್ದಕ್ಕೂ ಉದ್ದನೆಯ ಡೊಂಕು ಚಿತ್ರ. ಒದ್ದೆ ಬಟ್ಟೆ ತಂದೆ. ಎಲ್ಲರೂ ಮೌಶಿ ಅನ್ನುವ ಮೂರನೇ ಖೋಲಿಯ ಹೆಂಗಸು ಅಡ್ಡ ನಿಂತಳು. ಚಿತ್ರಕ್ಕೆ ಆಗಲೇ ಅರಿಶಿನ ಕುಂಕುಮ ಬಿದ್ದಿತ್ತು.

"ಮುಟ್ಟಬ್ಯಾಡ. ಇವತ್ತ ಪಂಚಮಿ. ಯಾರೋ ಪುಣ್ಯಾತಗಿತ್ತಿ ನಾಗಪ್ಪನ್ನ ಬರದಾಳ."

"ಮೌಶಿ, ಇದು ವಡಾಲದ ಲೋಕಲ್ ರೈಲು. ನೋಡು, ಗಾಲಿ ಅದಾವ."

"ನಾಗಪ್ಪನ ವಿಷಯ ನಿನಗೇನ ಗೊತ್ತು?"

ಹಾವುಗಳ ನಡುವೆಯೇ ಬೆಳೆದವನಿಗೆ ಈ ಮಾತು. ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೂ ನಾಲ್ವರು ಹೆಂಗಸರು ಹಾಲಿನ ಬಟ್ಟಲು ಹಿಡಿದು ಸಾಲಾಗಿ ನಿಂತಿದ್ದರು. ಮರುದಿನದಿಂದ ಹುಡುಗರು ಏನೇ ಬರೆದರೂ ಮೇಲೊಂದು ಕುಂಕುಮದ ಬೊಟ್ಟು ಇಡತೊಡಗಿದರು. ಅಳಿಸುವ ಧೈರ್ಯ ಯಾರಿಗಿದೆ?

ಅಂತೂ ಇಡೀ ಮುಂಬಯಿಯಲ್ಲಿ ಹಾಲು ಕುಡಿದ ಲೋಕಲ್ ಅದೊಂದೇ.

ಮೂರನೆಯದು

ದಸರೆ ಹತ್ತಿರ ಬಂತು. ಒಂದು ಭಾನುವಾರ ಹುಡುಗರಿಂದಲೇ ಗೋಡೆ ತೊಳೆಸಿ, ಮೇಲೆ ನಾನೇ ಸುಣ್ಣ ಬಳಿದೆ. ಅಪ್ಪಂದಿರನ್ನೆಲ್ಲ ಸೇರಿಸಿ ಭಾಷಣ ಬಿಗಿದೆ: "ನಿಮ್ಮ ಬಾಗಿಲ ಮುಂದಿನ ಗೋಡಿಗೆ ನೀವs ಜವಾಬ್ದಾರಿ. ಮಕ್ಕಳಿಗೆ ತಿಳಿಯೂ ಹಂಗ ಹೇಳ್ರಿ." ಎಲ್ಲರೂ ತಲೆಯಾಡಿಸಿದರು. ಮರುದಿನ ನಾನು ಎದೆಯುಬ್ಬಿಸಿಕೊಂಡು ಮಿಲ್ಲಿಗೆ ಕೆಲಸಕ್ಕೆ ಹೋದೆ.

ಸಂಜೆ ಬಂದರೆ ಗೋಡೆಯಲ್ಲಿ ಬಿಳಿ ಎಲ್ಲಿದೆ ಅಂತ ಹುಡುಕಬೇಕು. ಪ್ರತಿ ಬಾಗಿಲ ಪಕ್ಕ ಒಬ್ಬೊಬ್ಬ ಅಪ್ಪ "ಗೋಡೆಯ ಮೇಲೆ ಬರೆಯಬಾರದು" ಎಂದು ಬರೆದಿದ್ದ. ಕನ್ನಡದಲ್ಲಿ, ಮರಾಠಿಯಲ್ಲಿ, ಹಿಂದಿಯಲ್ಲಿ. ಬರೆಯಲು ಬಾರದವನು ಒಂದು ಬೆತ್ತದ ಚಿತ್ರ ತೆಗೆದಿದ್ದ. ಗುಮಾಸ್ತರು ತಮ್ಮದಕ್ಕೆ ಸುತ್ತ ಬಳ್ಳಿ ಬಿಡಿಸುತ್ತಿದ್ದರು. ಹುಡುಗರು ಮೆಟ್ಟಿಲ ಮೇಲೆ ಕೈಕಟ್ಟಿ ಕೂತಿದ್ದರು.

ಆಗಲೇ, ದಸರೆಗೂ ಮುಂಚೆಯೇ, ಶೇಠ್ ಬಂದ. "ಯಾವ ಹುಡುಗನ ಕೆಲಸ ಇದು?"

"ಹುಡುಗರದಲ್ಲ ಶೇಠ್, ಅಪ್ಪಂದಿರದು."

ಶೇಠ್ ನನ್ನ ಮುಖ ನೋಡಿದ, ಗುಮಾಸ್ತರ ಬಳ್ಳಿ ನೋಡಿದ. ಅವನಿಗೂ ಯಾರನ್ನು ಬೈಯಬೇಕೋ ತಿಳಿಯಲಿಲ್ಲ.

ಕೆಳಗಿನ ಹೋಟೆಲಿನ ಉಡುಪಿಯವರು ಮೆಲ್ಲಗೆ ಹೇಳಿದರು: "ಮಕ್ಕಳಿಗೆ ಬರೀಲಿಕ್ಕೆ ಒಂದು ಜಾಗ ಕೊಟ್ಟರೆ ಗೋಡೆ ಯಾಕೆ ಮುಟ್ಟುತ್ತಾರೆ ಮಾರಾಯರೆ? ನನ್ನ ಹತ್ತಿರ ತಿಂಡಿ ಪಟ್ಟಿ ಬರೆಯುವ ಹಳೆಯ ಕರಿ ಬೋರ್ಡು ಉಂಟು. ಮೆಟ್ಟಿಲ ಕೆಳಗೆ ಇಡುವ. ಸಂಜೆಗೆ ಅಪ್ಪನೋ ಅಮ್ಮನೋ ಒಬ್ಬೊಬ್ಬರು ಹತ್ತಿರ ಕೂತುಕೊಳ್ಳಲಿ."

ಶೇಠ್‌ಗೆ ಮಾತು ಹಿಡಿಸಿತು. ಎಲ್ಲರೂ ಸೈ ಅಂದರು. ಮೆಟ್ಟಿಲ ಕೆಳಗೆ ಈಗ ಯಾರು ಮಲಗುತ್ತಾರೆ ಅಂತ ಒಬ್ಬರಿಗೂ ನೆನಪಾಗಲಿಲ್ಲ. ನಾನು ಹಾಸಿಗೆ ಸುತ್ತಿ ಬಗಲಲ್ಲಿ ಹಿಡಿದಾಗ ಗುಮಾಸ್ತರ ಹೆಂಡತಿ, "ಎಲ್ಲಿಗ್ಹೊಂಟಿ? ನಮ್ಮ ಬಾಗಿಲ ಮುಂದ ಹಾಸ್ಕೋ" ಅಂದರು.

ಕೊನೆಗೆ ನನಗೆ ಸಿಕ್ಕದ್ದು ಗ್ಯಾಲರಿಯಲ್ಲಿ, ನಾನು ಕಾದ ಆ ಗೋಡೆಯ ಬುಡಕ್ಕೆ ಒಂದು ಚಾಪೆಯಷ್ಟು ನೆಲ.