ಅಕ್ಕನ್ನ ಎತ್ಕೊಂಡು ನಿಂತ ಭಾವ

ನಂಗೊಂದು ತಿಳೀವಲ್ದು. ಮನ್ಯಾಗ ಕೂತು ಒಬ್ಬರೇ ಫೋನಿನ ಗೇಮ್ ತಯಾರ ಮಾಡೋ ನಮ್ಮಂಥ ಮಂದಿ ಅದನ್ನ ಯಾಕ ಅರ್ಧಕ್ಕ ಬಿಡ್ತೀವಿ? ಬ್ಯಾಸರ ಬಂದು ಬಿಡ್ತೀವಿ ಅನ್ನೋಣಂದ್ರ, ನಂಗ ಬ್ಯಾಸರ ಬಂದೇ ಇಲ್ಲ. ಟೈಮ್ ಇಲ್ಲ ಅನ್ನೋಣಂದ್ರ, ವಿಮಾನ ನಗರದ ಆಫೀಸಿನಿಂದ ಬಂದು, ಊಟದ ತಾಟ ಮುಂದಿಟ್ಕೊಂಡೂ ಅದನ್ನೇ ಮಾಡ್ತಿರ್ತೀನಿ. ನಾ ಇದನ್ನ ಯಾವ ಸಾಲ್ಯಾಗೂ ಕಲ್ತಿಲ್ಲ, ವಿಡಿಯೋ ನೋಡಿ ನೋಡಿ ಕಲ್ತೀನಿ. ಶುರು ಹೆಂಗ ಮಾಡ್ಬೇಕಂತ ಆ ವಿಡಿಯೋದವರು ಭಾಳ ಚಲೋ ಹೇಳ್ತಾರ್ರಿ. ಮುಗಸೋದು ಹೆಂಗ ಅನ್ನೋ ವಿಡಿಯೋನ ಅವರೂ ಅರ್ಧಕ್ಕ ಬಿಟ್ಟಿರಬೇಕು.

ಈ ಸಲ ಮಾತ್ರ ಬಿಡಂಗಿಲ್ಲ ಅಂತ ಗಟ್ಟಿ ಮನಸ್ ಮಾಡಿದ್ದೆ, ಯಾಕಂದ್ರ ಅಕ್ಕನ ಮದುವಿ ಇತ್ತು. ಮದುವಿ ಆದ ಮ್ಯಾಲೆ ಗಂಡ ಹೆಂಡ್ತಿ ಜೇಜುರಿ ಗುಡ್ಡಕ್ಕ ಹೋಗಿ ಖಂಡೋಬಾ ದೇವರ ದರ್ಶನ ಮಾಡ್ತಾರಲ್ಲ, ಅಲ್ಲೆ ಗಂಡ ಹೆಂಡ್ತಿನ್ನ ಎತ್ಕೊಂಡು ಒಂದಿಷ್ಟು ಮೆಟ್ಲಾ ಹತ್ತಬೇಕು. ಅದನ್ನೇ ಗೇಮ್ ಮಾಡಿ, ಅಕ್ಕ ಗಂಡನ ಮನಿಗೆ ಹೋಗೋದ್ರೊಳಗ ಆಕಿ ಫೋನಿಗೆ ಹಾಕಿ ಕೊಡ್ತೀನಿ ಅಂತ ಎಲ್ಲಾರ ಮುಂದ ಹೇಳಿಬಿಟ್ಟೆ. ಬೆರಳು ಒತ್ತಿದ್ರ ಭಾವ ಒಂದು ಮೆಟ್ಲಾ ಹತ್ತತಾರ, ತೂಕ ತಪ್ಪಿದ್ರ ಬೀಳ್ತಾರ. ಇಷ್ಟೇ ಆಟ.

ಆದ್ರ ಜೇಜುರಿ ಅಂದ್ರ ಭಂಡಾರ ಬೇಕಲ್ರಿ. ಮಂದಿ ತೂರಿದ ಅರಿಷಿಣಪುಡಿ ಗಾಳ್ಯಾಗ ಹಾರ್ಬೇಕು. ಸುಮ್ನ ಒಂದಿಷ್ಟು ಹಳದಿ ಬಣ್ಣ ಬಳದ್ರ ನಡೀತಿತ್ತು. ನಾ ಏನ್ ಮಾಡಿದೆ? ಒಂದೊಂದು ಕಣಾನೂ ಬ್ಯಾರೆ ಬ್ಯಾರೆ ಬೀಳಬೇಕು, ಭಾವನ ಮೀಸಿ ಮ್ಯಾಲೆ ಕೂಡಬೇಕು, ಗಾಳಿ ಬೀಸಿದ್ರ ಮೀಸಿಯಿಂದ ಎದ್ದು ಅಕ್ಕನ ಸೀರಿಗೆ ಹತ್ತಬೇಕು ಅಂತ ಕೂತೆ. ಲ್ಯಾಪ್‌ಟಾಪು ಕಾಯ್ದು ಹಿಟ್ಟಿನ ಗಿರಣಿ ಹಂಗ ಸಪ್ಪಳ ಮಾಡ್ಲಿಕತ್ತು. ಅವ್ವ ಬಂದು ಇಣಿಕಿ ನೋಡಿದ್ಲು.

"ಗುಡಿ ಎಲ್ಲದೋ?"

"ಗುಡಿ ಆಮ್ಯಾಲೆ ಮಾಡ್ತೀನವ್ವ. ನೀ ಅರಿಷಿಣ ನೋಡು, ಹೆಂಗ ಬೀಳ್ತದ."

"ದೇವರೇ ಇಲ್ಲ, ಮತ್ತ ಇವರೆಲ್ಲಾ ಯಾರಿಗೆ ತೂರ್ಲಿಕತ್ತಾರ?"

ನಾ ತೂರೋ ಮಂದಿನ್ನ ಇನ್ನಷ್ಟು ಹೆಚ್ಚು ಮಾಡಿದೆ.

ಅಷ್ಟ್ರಾಗ ಮದುವಿ ಆಗೇ ಹೋತು. ಖರೇ ಖರೇ ಜೇಜುರಿಗೂ ಹೋಗಿ ಬಂದ್ರು. ಗಂಡನ ಮನಿಗೆ ಹೊರಡೋ ದಿನ ಅಕ್ಕ ಬ್ಯಾಗ್ ಕಟ್ಟೋದು ಬಿಟ್ಟು ಬಂದು, "ನನ್ನ ಗೇಮ್ ಎಲ್ಲೋ?" ಅಂದ್ಲು. ಇನ್ನೂ ಅರ್ಧ ಆಗೇದ ಅಂದೆ. "ಅರ್ಧನೇ ತೋರ್ಸು," ಅಂತ ನನ್ನ ಫೋನ್ ಕಸ್ಕೊಂಡು ಭಾವನ ಕೈಯಾಗ ಕೊಟ್ಲು.

ಗೇಮಿನ ಭಾವ ಅಕ್ಕನ್ನ ಎತ್ಕೊಂಡು ನಾಕು ಹೆಜ್ಜಿ ಹತ್ತಿದ್ರು. ಮುಂದ ನಾ ಮೆಟ್ಲಾ ಮಾಡೇ ಇರ್ಲಿಲ್ಲ. ಸೀದಾ ಆಕಾಶಕ್ಕ ಕಾಲಿಟ್ಟು ಅಲ್ಲೇ ನಿಂತ್ರು. ಸುತ್ತಲೂ ಅರಿಷಿಣ ಮಾತ್ರ ಭಾಳ ಛಂದ ಬೀಳ್ತಿತ್ತು.

"ಇದು ಖರೇನೇ ಅದ," ಅಂದ್ರು ಭಾವ. "ಅವತ್ತು ನನ್ನ ಕಾಲಿಗೂ ಮುಂದಿನ ಮೆಟ್ಲಾ ಸಿಕ್ಕಿರ್ಲಿಲ್ಲ."

"ನಾ ಏನ್ ಅಷ್ಟು ಭಾರ ಇದ್ದೇನೇನ್ರಿ?"

"ನೀ ಹಗುರ ಇದ್ದಿ. ನಿಮ್ಮವ್ವ ಉಡಿಸಿದ್ದ ಸೀರಿ ಭಾರ."

ಇಬ್ಬರೂ ಕಣ್ಣಾಗ ನೀರು ಬರೋತನಕ ನಕ್ರು. "ಇಷ್ಟ ಸಾಕೋ, ಹಿಂಗೇ ಕೊಟ್ಟುಬಿಡು," ಅಂದ್ಲು ಅಕ್ಕ. ನನ್ನ ತಲ್ಯಾಗ ಇದ್ದಷ್ಟು ದಿನ ಅದು ಜಗತ್ತಿನ್ಯಾಗ ಎಲ್ಲಾಕ್ಕಿಂತ ಚಲೋ ಗೇಮ್ ಆಗಿತ್ತು. ಆಕಿ ಫೋನಿಗೆ ಹೋದ್ರ, ಒಬ್ಬ ಮನಶಾ ಹೆಂಡ್ತಿನ್ನ ಎತ್ಕೊಂಡು ಗಾಳ್ಯಾಗ ನಿಂತಿರೋ ಗೇಮ್ ಆಗ್ತಿತ್ತು, ಅಷ್ಟೇ. "ಇಲ್ಲಕ್ಕ, ಗುಡಿ ಒಂದು ಮುಗಿಸಿ ಕಳಸ್ತೀನಿ," ಅಂದು ಊಟಕ್ಕ ಕೈ ತೊಳ್ಕೊಳ್ಲಿಕ್ಕೆ ಹೋದೆ. ಬರೋದ್ರೊಳಗ ಆಕಿ ತನ್ನ ಫೋನಿಗೆ ಹಾಕ್ಕೊಂಡಿದ್ಲು.

ನಿನ್ನೆ ಅಕ್ಕನ ಅತ್ತಿ ಫೋನ್ ಮಾಡಿದ್ರು. "ತಮ್ಮಾ, ನಿನ್ನ ಗೇಮ್ ಆಡ್ಲಿಕತ್ತೀನಿ. ನನ್ನ ಮಗ ಸೊಸಿನ್ನ ಎತ್ಕೊಂಡು ನಡುಗಾಳ್ಯಾಗ ನಿಂತಾನ. ಅವನ ಕೈ ನೋಯಂಗಿಲ್ಲೇನಪಾ? ಗುಡಿ ಯಾವಾಗ ಕಟ್ತಿ?"

"ಮುಂದಿನ ವಾರ ಕಟ್ತೀನ್ರಿ," ಅಂದೆ. ಸುಳ್ಳು ಹೇಳ್ಲಿಲ್ಲ, ಅನ್ನೋವಾಗ ಖರೇನೇ ಅಂದಿದ್ದೆ. ನನ್ನ ಗೇಮಿಗೆ ಮೊದಲ ಸಲ ಒಬ್ಬರು ಕಾಯ್ಲಿಕತ್ತಾರಂತ ಖುಷಿಲೇ ಲ್ಯಾಪ್‌ಟಾಪ್ ತೆಗೆದೆ. ಆದ್ರ ಹೆಂಡ್ತಿನೇ ಗಂಡನ್ನ ಎತ್ಕೊಂಡು ಹತ್ತಿದ್ರ ಹೆಂಗಿರ್ತದ ಅಂತ ಯಾಕ ಅನ್ನಿಸ್ತೋ ಏನೋ. ಈಗ ಆ ಹೊಸಾ ಗೇಮ್ ಶುರುನೂ ಆಗೇದ, ಆಕಿ ಬಗ್ಗಿ ಅವನ್ನ ಎತ್ತೋತನಕ ಮಾಡೀನಿ. ಭಾವ ಅಲ್ಲಿತನಕ ಹಂಗೇ ನಿಂತಿರ್ಲಿ. ಗಟ್ಟಿ ಮನಶಾ ಇದ್ದಾರ.