ಶನಿವಾರ ಸಂಜೆಯ ಸೂತಕ

ನೈರೋಬಿಯಲ್ಲಿ ನಾವಿದ್ದ ಸೌತ್ ಸಿ ಮನೆಗೆ, ಯಾರೂ ಸಾಯದೆಯೇ, ವಾರಕ್ಕೊಂದು ಸೂತಕ ಬರುತ್ತಿತ್ತು. ಶನಿವಾರ ಸಂಜೆ ಹಿಡಿದರೆ ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಡುವವರೆಗೂ ಬಿಡುತ್ತಿರಲಿಲ್ಲ. ಇದಕ್ಕೆಲ್ಲ ಕಾರಣ ನಾನು ಕಣ್ಣಾರೆ ಕಂಡಿರದ ಊರಿನ, ಹೆಸರನ್ನು ನೆಟ್ಟಗೆ ಹೇಳಲೂ ಬಾರದ ಒಂದು ಫುಟ್‌ಬಾಲ್ ತಂಡ. ಸೋಲುವುದು ಅದರ ಕೆಲಸ, ಮುಖ ಜೋಲು ಹಾಕುವುದು ನಮ್ಮ ಕೆಲಸ. ಇಂಥ ತಂಡವನ್ನು ಕಟ್ಟಿಕೊಂಡವನ ಬಾಳಿನಲ್ಲಿ ನಗೆಪಾಟಲಿನ ಪ್ರಸಂಗಗಳಿಗೆ ಬರವೇ ಇಲ್ಲ. ನಗುವವರು ಮಾತ್ರ ಯಾವಾಗಲೂ ಬೇರೆಯವರು.

ಗಂಟು ಬಿದ್ದದ್ದು

ಇಂಡಸ್ಟ್ರಿಯಲ್ ಏರಿಯಾದಲ್ಲಿ ಪೇಂಟಿನ ಡಬ್ಬಿ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಅಕೌಂಟೆಂಟ್ ಆಗಿದ್ದೆ. ಎಂಬತ್ತರ ದಶಕದ ಕೊನೆಯ ವರ್ಷಗಳು. ನಮಗೆ ಹೊಸ ಮ್ಯಾನೇಜರ್ ಬಂದರು. ಆರಡಿ ಎತ್ತರ, ಎತ್ತರಕ್ಕೆ ಸರಿಯಾದ ಅಗಲ, ಮದುವೆಯಿಲ್ಲ, ಕೆಂಪು ಮೂಗು. ಮೊದಲ ದಿನವೇ ನಾನು ಮಾತಿಗೆ, "ನೀವು ಇಂಗ್ಲಿಷರು ಚಹಾಕ್ಕೆ ಹಾಲು ಜಾಸ್ತಿ ಹಾಕುವುದಿಲ್ಲ ಅಲ್ಲವೇ ಸರ್?" ಅಂದೆ.

ಅವರು ಕಪ್ಪು ಕೆಳಗಿಟ್ಟರು. "ನಾನು ಇಂಗ್ಲಿಷನಲ್ಲ. ವೇಲ್ಸಿನವನು."

ತಪ್ಪಾಯಿತೆಂದು ಮಾತು ತಿರುಗಿಸಲು ಗೋಡೆಯ ಮೇಲೆ ಅವರು ತೂಗುಹಾಕಿದ್ದ ಫುಟ್‌ಬಾಲ್ ಸ್ಕಾರ್ಫಿನ ಬಗ್ಗೆ ಕೇಳಿದೆ. ಅದು ತಮ್ಮೂರಿನ ತಂಡದ್ದು ಎಂದರು. ಯಾವ ಲೀಗಿನಲ್ಲಿ ಆಡುತ್ತದೆ ಅಂದೆ. ಅವರ ಮೂಗು ಇನ್ನಷ್ಟು ಕೆಂಪಾಯಿತು. "ಇಂಗ್ಲೆಂಡಿನ ಲೀಗಿನಲ್ಲಿ," ಅಂದರು.

ಊರು ವೇಲ್ಸಿನದು, ಆಟಗಾರರು ಹಾಡುವುದು ವೇಲ್ಸಿನ ಹಾಡು, ಆಡುವುದು ಮಾತ್ರ ಇಂಗ್ಲೆಂಡಿನವರ ಜೊತೆ, ಅದೂ ನಾಲ್ಕನೆಯ ಡಿವಿಜನ್ನಿನ ತಳದಲ್ಲಿ. ಐದನೆಯದೆಂಬುದು ಇಲ್ಲ. ಅಲ್ಲಿಂದ ಜಾರಿದರೆ ಲೀಗಿನಿಂದಲೇ ಹೊರಗೆ. ಇದನ್ನೆಲ್ಲ ವಿವರಿಸಿ, "ನಿಮಗೆ ಇದು ಅರ್ಥವಾಗುವುದಿಲ್ಲ," ಎಂದು ನಿಟ್ಟುಸಿರು ಬಿಟ್ಟರು.

"ಯಾಕಾಗುವುದಿಲ್ಲ ಸರ್? ನಾನು ಕಾಸರಗೋಡಿನವನು. ಮಾತು ಕನ್ನಡ, ಶಾಲೆ ಕನ್ನಡ, ರಾಜ್ಯ ಕೇರಳ. ನಾವೂ ಬೇರೆಯವರ ಲೀಗಿನಲ್ಲೇ ಆಡುವವರು," ಅಂದೆ.

ಅವರು ಎದ್ದು ಬಂದು ನನ್ನ ಕೈ ಹಿಡಿದರು. ಮೂರು ವರ್ಷ ಆ ಕೈ ಬಿಡಲಿಲ್ಲ. ಅವರ ಬಂಗಲೆಯಲ್ಲಿ ಲಂಡನ್ ರೇಡಿಯೋ ಸರಿಯಾಗಿ ಹಿಡಿಯುವುದಿಲ್ಲವೆಂದು ಶನಿವಾರ ಸಂಜೆ ನಮ್ಮ ಮನೆಗೆ ಬರತೊಡಗಿದರು. ಒಂದು ದಿನ ನೀರುದೋಸೆ ತಿನ್ನುತ್ತ ಹೇಳಿದರು: "ನಮ್ಮೂರಲ್ಲಿ ಕಲ್ಲಿದ್ದಲ ಗಣಿ ಇತ್ತು, ಮುಚ್ಚಿತು. ಈಗ ನಮ್ಮೂರಿನ ಹೆಸರನ್ನು ಪ್ರಪಂಚ ಕೇಳುವುದು ಶನಿವಾರ ರಿಸಲ್ಟ್ ಓದುವಾಗ ಮಾತ್ರ. ಲೀಗಿನಿಂದ ಬಿದ್ದರೆ ಅದನ್ನೂ ಓದುವುದಿಲ್ಲ."

ನನ್ನ ಹೆಂಡತಿ ಪುತ್ತೂರಿನವಳು. ಫುಟ್‌ಬಾಲಿಗೆ ಎಷ್ಟು ಜನ ಅಂತಲೂ ಅವಳಿಗೆ ಗೊತ್ತಿರಲಿಲ್ಲ. ಆದರೆ ಈ ಮಾತು ಕೇಳಿ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಅವರಿಗೆ ಮತ್ತೆರಡು ದೋಸೆ ಹಾಕಿದಳು. ಅಂದಿನಿಂದ ತಂಡ ಸೋತಾಗಲೆಲ್ಲ ಅವರಿಗೆ ಎರಡು ದೋಸೆ ಹೆಚ್ಚಿಗೆ ಸಿಗುವ ಪದ್ಧತಿಯಾಯಿತು. ಬಂದ ವರ್ಷ ಹೊಲಿಸಿದ ಪ್ಯಾಂಟು ಯಾವುದೂ ಅವರಿಗೆ ಮಾರನೆಯ ವರ್ಷ ಆಗಲಿಲ್ಲ.

ಸೋಲದ ತಿಂಗಳು

ರಿಸಲ್ಟ್ ಓದುವವನ ದನಿಗೆ ಒಂದು ಗುಣವಿತ್ತು. ಮೊದಲ ತಂಡದ ಹೆಸರು, ಗೋಲು ಹೇಳಿ, ಎರಡನೆಯ ತಂಡದ ಹೆಸರು ಹೇಳುವಾಗ ದನಿ ಏರಿದರೆ ಅದು ಗೆದ್ದಿದೆ, ಇಳಿದರೆ ಸೋತಿದೆ. ಮ್ಯಾನೇಜರು ಇದನ್ನು ನಮಗೆ ವಿವರಿಸುವ ಮೊದಲೇ ನನ್ನ ಹೆಂಡತಿ ಕಂಡುಕೊಂಡಿದ್ದಳು. ನಾವಿಬ್ಬರೂ ರೇಡಿಯೋಗೆ ಕಿವಿ ಅಂಟಿಸಿ ಕೂತಿದ್ದರೆ, ಅಂಕಿ ಬರುವ ಮೊದಲೇ ಅಡುಗೆಮನೆಯಿಂದ, "ಹೋಯ್ತು ಮಾರಾಯ್ರೆ, ಏಳಿ, ಕೈ ತೊಳೀರಿ," ಎನ್ನುತ್ತಿದ್ದಳು.

ಒಂದು ಶನಿವಾರ ಸರಿಯಾಗಿ ನಮ್ಮ ತಂಡದ ಹೆಸರು ಬರುವಾಗ ರೇಡಿಯೋ ಗೊರಗೊರ ಅಂದಿತು. ಮತ್ತೆ ದನಿ ಬರುವಷ್ಟರಲ್ಲಿ ಸ್ಕಾಟ್ಲೆಂಡಿನ ಪಂದ್ಯಗಳು ಶುರುವಾಗಿದ್ದವು. ಅಯ್ಯೋ ಎಂದು ನಾನು ತಲೆ ಚಚ್ಚಿಕೊಂಡೆ. ಆದರೆ ಮ್ಯಾನೇಜರು ಅಂದು ಲವಲವಿಕೆಯಿಂದ ಊಟ ಮಾಡಿದರು. ನನ್ನ ಮಗಳ ಜೊತೆ ಲೂಡೋ ಆಡಿದರು. ಭಾನುವಾರ ತೋಟದಲ್ಲಿ ಹಾಡುತ್ತಿದ್ದರಂತೆ. ಸೋತಿರಬಹುದು, ಆದರೆ ಗೆದ್ದೂ ಇರಬಹುದಲ್ಲ ಎಂಬುದು ಅವರ ವಾದ. ಆ ಮನುಷ್ಯ ಅಷ್ಟು ಸುಖವಾಗಿದ್ದುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮುಂದಿನ ಶನಿವಾರ ನಾಲ್ಕನೆಯ ಡಿವಿಜನ್ ಬರುತ್ತಿದ್ದ ಹಾಗೆ ಅವರೇ ಕೈ ಚಾಚಿ ರೇಡಿಯೋ ಆರಿಸಿದರು. ಅದರ ಮುಂದಿನ ವಾರವೂ ಹಾಗೆಯೇ. ಪೇಪರಿನ ಕ್ರೀಡಾ ಪುಟವನ್ನು ಸೋಮವಾರ ನಾನು ಮುಂಚಿತವಾಗಿ ತೆಗೆದು ಬಚ್ಚಿಡಬೇಕೆಂದು ಆಜ್ಞೆಯಾಯಿತು. ನಮ್ಮ ಬಳಗದ ಡಾಕ್ಟರೊಬ್ಬರು ಆ ದಿನಗಳಲ್ಲಿ ಸಿಕ್ಕಿ, "ಹೇಗಿದೆ ರೀ ನಿಮ್ಮ ಟೀಮು?" ಎಂದು ಹಲ್ಲು ಕಿರಿದರು. ನಾನು ಎದೆಯುಬ್ಬಿಸಿ ನಿಜವನ್ನೇ ಹೇಳಿದೆ: "ಈ ತಿಂಗಳು ನಮಗೆ ತಿಳಿದ ಮಟ್ಟಿಗೆ ಒಂದೂ ಸೋತಿಲ್ಲ."

ಸೋತು ಗೆದ್ದದ್ದು

ವೇಲ್ಸಿನವರಿಗೆ ತಮ್ಮದೇ ಒಂದು ಕಪ್ ಪಂದ್ಯಾವಳಿ ಇತ್ತು. ಗೆದ್ದವರು ಯುರೋಪಿಗೆ ಹೋಗಿ ದೊಡ್ಡ ದೊಡ್ಡ ದೇಶಗಳ ತಂಡಗಳ ಜೊತೆ ಆಡಬಹುದು. ಗಡಿಯಾಚೆಯ ಕೆಲವು ಇಂಗ್ಲಿಷ್ ತಂಡಗಳನ್ನೂ ಅದರಲ್ಲಿ ಆಡಿಸುತ್ತಿದ್ದರು. ಆ ವರ್ಷ ನಮ್ಮ ತಂಡ ಅದು ಹೇಗೋ ಫೈನಲ್ ಮುಟ್ಟಿತು. ಎದುರಾಳಿ ಅಂಥದೊಂದು ಇಂಗ್ಲಿಷ್ ತಂಡ. ನಮ್ಮವರು ಎಂದಿನಂತೆ ಸೋತರು.

ಸೋಮವಾರ ಸಾಂತ್ವನ ಹೇಳಲು ಹೋದರೆ ಮ್ಯಾನೇಜರು ಸಿಹಿ ಹಂಚುತ್ತಿದ್ದಾರೆ. "ಸೋತೆವು, ಯುರೋಪಿಗೆ ಹೋಗುತ್ತಿದ್ದೇವೆ!" ಎಂದರು. ಗೆದ್ದವರು ಇಂಗ್ಲಿಷರಾದ ಕಾರಣ ವೇಲ್ಸಿನ ಹೆಸರಿನಲ್ಲಿ ಯುರೋಪಿಗೆ ಹೋಗುವಂತಿಲ್ಲ. ಸೋತವರು ಹೋಗಬೇಕು. ಅದು ನಿಯಮ.

ಸಿಹಿ ಕೈಯಲ್ಲಿ ಹಿಡಿದು ನಮ್ಮ ಫೋರ್‌ಮನ್ ನನ್ನ ಕೋಣೆಗೆ ಬಂದ. ಕಿಸುಮು ಕಡೆಯ ಲೂವೋ ಜನದವನು, ಫುಟ್‌ಬಾಲನ್ನು ಅರೆದು ಕುಡಿದವನು.

"ಗೆದ್ದವರು ಎಲ್ಲಿಗೆ ಹೋಗುತ್ತಾರೆ?" ಅಂದ.

"ಮನೆಗೆ," ಅಂದೆ.

"ಸೋತವರು?"

"ಯುರೋಪಿಗೆ."

ಇದೇನು ಹುಚ್ಚು ಎಂದು ಬೈಯುತ್ತಾನೆ ಅಂದುಕೊಂಡೆ. ಅವನು ಬಾಗಿಲಾಚೆ ಎರಡೂ ಕಡೆ ನೋಡಿ, ಬಾಗಿಲು ಮುಚ್ಚಿ, ಪಿಸುಗುಟ್ಟಿದ: "ಇದರಲ್ಲಿ ಹೊಸತೇನಿದೆ? ನಮ್ಮಲ್ಲಿ ಒಬ್ಬೊಬ್ಬ ಅಭ್ಯರ್ಥಿಯ ಹಿಂದೆ ಮತದಾರರನ್ನು ಸಾಲು ನಿಲ್ಲಿಸಿ ಎಲೆಕ್ಷನ್ ಮಾಡಿದರಲ್ಲ, ಆವಾಗಲೂ ಉದ್ದ ಸಾಲಿನವನು ಮನೆಗೆ ಹೋದ, ಗಿಡ್ಡ ಸಾಲಿನವನು ಪಾರ್ಲಿಮೆಂಟಿಗೆ ಹೋದ."

ಕಸರಾನಿಯಲ್ಲಿ ಕೂತ ಜಾಗ

ಯುರೋಪಿಗೆ ಹೋದ ತಂಡ ಮೊದಲ ಸುತ್ತಿನಲ್ಲೇ ಮರಳಿತು. ಮ್ಯಾನೇಜರು ಊಟ ಬಿಟ್ಟರು. ಗೆಲ್ಲುವುದೆಂದರೆ ಹೇಗಿರುತ್ತದೆ ಎಂದು ಈ ಮನುಷ್ಯನಿಗೆ ಒಮ್ಮೆಯಾದರೂ ತೋರಿಸೋಣ ಎಂದು ಫೋರ್‌ಮನ್ನಿಗೆ ಕರುಣೆ ಬಂತು. ಅವನ ತಂಡ ಆ ವರ್ಷ ಎಲ್ಲರನ್ನೂ ಬಡಿಯುತ್ತಿತ್ತು. ಒಂದು ಭಾನುವಾರ ನಮ್ಮಿಬ್ಬರನ್ನೂ ಮಟಾಟು ಎಂಬ ಬಾಡಿಗೆ ವ್ಯಾನಿನಲ್ಲಿ ತುರುಕಿ ಕಸರಾನಿಯ ಸ್ಟೇಡಿಯಮ್ಮಿಗೆ ಕರೆದೊಯ್ದ.

ಅರ್ಧ ಆಟ ಮುಗಿದಾಗ ಫೋರ್‌ಮನ್ನಿನ ತಂಡ ಒಂದು ಗೋಲು ಮುಂದಿತ್ತು. ಮ್ಯಾನೇಜರು ಮಗುವಿನಂತೆ ಹಿಗ್ಗಿದರು. ಆ ತಂಡದ ಟೋಪಿ ಕೊಂಡು ತಲೆಗೇರಿಸಿದರು. ಆಮೇಲಿನದು ಹೇಳಲೇ ಬೇಸರ. ಟೋಪಿ ತಲೆಗೇರಿದ ಸ್ವಲ್ಪ ಹೊತ್ತಿನಲ್ಲೇ ಎದುರಾಳಿಗಳು ಒಂದು ಹೊಡೆದರು, ಹಿಂದೆಯೇ ಇನ್ನೊಂದು. ಸುತ್ತಲಿನವರು ಮೊದಲು ಟೋಪಿಯನ್ನು ನೋಡಿದರು, ಆಮೇಲೆ ಫೋರ್‌ಮನ್ನನ್ನು.

ಫೋರ್‌ಮನ್ ಬೆವರೊರೆಸಿಕೊಂಡು ಬಹಳ ಮರ್ಯಾದೆಯಿಂದ, "ಬ್ವಾನಾ, ಆ ಕಡೆ ನೆರಳು ಚೆನ್ನಾಗಿದೆ," ಎಂದು ಎದುರಾಳಿಗಳ ಕಡೆಯ ಮೆಟ್ಟಿಲು ತೋರಿಸಿದ. ಮ್ಯಾನೇಜರಿಗೆ ಇಂಥವೆಲ್ಲ ಬೇಗ ಅರ್ಥವಾಗುತ್ತಿತ್ತು. ಎದ್ದು, ಇಡೀ ಮೈದಾನ ಸುತ್ತಿ, ಒಬ್ಬರೇ ಆ ಕಡೆ ಹೋಗಿ ಕೂತರು. ಅವರು ಕೂತದ್ದೇ ತಡ, ನಮ್ಮವರು ಸಮ ಮಾಡಿದರು. ಕೊನೆಗೆ ಗೆದ್ದೂ ಬಿಟ್ಟರು.

ಮುಂದೆ ದೊಡ್ಡ ಪಂದ್ಯ ಇದ್ದಾಗಲೆಲ್ಲ ಫೋರ್‌ಮನ್ ಎರಡು ಟಿಕೆಟ್ ತರುತ್ತಿದ್ದ. ತನಗೊಂದು, ಮ್ಯಾನೇಜರಿಗೆ ಎದುರಾಳಿಗಳ ಕಡೆಯದೊಂದು.

ತುಲಾಭಾರ

ಮ್ಯಾನೇಜರ ಗುತ್ತಿಗೆ ಮುಗಿಯುತ್ತ ಬಂದ ವರ್ಷ ತಂಡದ ಗತಿ ಪೂರಾ ಕೆಟ್ಟಿತು. ಕೊನೆಯ ಪಂದ್ಯ ಬಂದಾಗ ಲೆಕ್ಕ ಸರಳವಾಗಿತ್ತು: ಗೆದ್ದರೆ ಲೀಗಿನಲ್ಲಿ ಉಳಿವು, ಇಲ್ಲದಿದ್ದರೆ ಹೊರಗೆ. ಮ್ಯಾನೇಜರು ದೋಸೆ ಮುಟ್ಟದೆ ಕೂತಿದ್ದರು. "ಇನ್ನು ಮೇಲೆ ಊರಿನ ಹೆಸರು ಕೇಳುವುದಿಲ್ಲ," ಎಂದಷ್ಟೇ ಅಂದರು.

ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. ದೇವರ ಮುಂದೆ ದೀಪ ಹಚ್ಚಿ, ತಂಡ ಉಳಿದರೆ ಇವರಿಗೆ ಬಾಳೆಹಣ್ಣಿನ ತುಲಾಭಾರ ಮಾಡಿಸುತ್ತೇನೆ ಎಂದು ಹರಕೆ ಹೊತ್ತಳು. ತಕ್ಕಡಿಯ ಒಂದು ಕಡೆ ಮನುಷ್ಯನನ್ನು ಕೂರಿಸಿ, ಇನ್ನೊಂದು ಕಡೆ ಅಷ್ಟೇ ತೂಕದ ಹಣ್ಣು ಇಟ್ಟು ದೇವರಿಗೆ ಒಪ್ಪಿಸುವುದು ಎಂದು ನಾನು ಇಂಗ್ಲಿಷಿನಲ್ಲಿ ವಿವರಿಸಿದೆ.

ಮ್ಯಾನೇಜರ ಮುಖ ಅರಳಿತು. "ಆದರೆ ನಾನು ಬುಧವಾರವೇ ಊರಿಗೆ ಹಾರುತ್ತೇನೆ. ಶನಿವಾರದ ಪಂದ್ಯ ಅಲ್ಲೇ ನೋಡಬೇಕು. ಮತ್ತೆ ಬರುವುದಿಲ್ಲ. ಹೋಗುವ ಮೊದಲೇ ತೂಗಿಬಿಡಿ," ಅಂದರು.

"ಹಾಗೆಲ್ಲ ಮಾಡ್ಲಿಕ್ಕಿಲ್ಲ ಅಂತ ಹೇಳಿ," ಅಂದಳು ಹೆಂಡತಿ. "ಕೆಲಸ ಆದ ಮೇಲೆ ಹರಕೆ ತೀರಿಸೋದು. ಮೊದಲೇ ಕೊಟ್ರೆ ಆಮೇಲೆ ದೇವ್ರಿಗೆ ಎಂತ ಅರ್ಜೆಂಟು ಉಂಟು?"

ಮ್ಯಾನೇಜರು ಕೇಳಲಿಲ್ಲ. ಹರಕೆ ಬಾಕಿ ಇಟ್ಟು ವಿಮಾನ ಹತ್ತುವವನು ತಾನಲ್ಲ ಎಂದು ಹಟ ಹಿಡಿದರು.

ಮಂಗಳವಾರ ಬೆಳಿಗ್ಗೆ ಕಾರ್ಖಾನೆಯ ಶೆಡ್ಡಿನಲ್ಲಿ ಏರ್ಪಾಡಾಯಿತು. ಫೋರ್‌ಮನ್ ಭಾರ ಎತ್ತುವ ಚೈನ್ ಬ್ಲಾಕಿಗೆ ಕಬ್ಬಿಣದ ತೊಲೆ ಕಟ್ಟಿ, ತೊಲೆಯ ಎರಡು ತುದಿಗೆ ಮರದ ಹಲಗೆಗಳನ್ನು ಇಳಿಬಿಟ್ಟ. ಪಿಕಪ್ಪಿನಲ್ಲಿ ಬಾಳೆಗೊನೆ ಬಂದವು. ದೇವಸ್ಥಾನದ ಭಟ್ಟರು ಬಂದರು. ಮ್ಯಾನೇಜರು ನನ್ನ ಪಂಚೆಯುಟ್ಟು, ಅದು ನಿಲ್ಲದೆ ಮೇಲೆ ಬೆಲ್ಟು ಬಿಗಿದು, ಹೆಗಲಿಗೆ ತಂಡದ ಸ್ಕಾರ್ಫ್ ಹಾಕಿ, ಬೆಳಗಿನಿಂದ ಉಪವಾಸವಿದ್ದು ಹಲಗೆಯ ಮೇಲೆ ಚಕ್ಕಳಮಕ್ಕಳ ಕೂತರು. ಕೆಲಸಗಾರರೆಲ್ಲ ಮಿಷನ್ ನಿಲ್ಲಿಸಿ ಸುತ್ತ ನೆರೆದರು.

ಪಿಕಪ್ಪಿನ ಹಣ್ಣೆಲ್ಲ ಮುಗಿದರೂ ಮ್ಯಾನೇಜರು ನೆಲ ಬಿಟ್ಟೇಳಲಿಲ್ಲ. ಮೂರು ವರ್ಷದ ಸೋಲಿನ ದೋಸೆಗಳು. ಇನ್ನೊಂದು ಪಿಕಪ್ ಹಣ್ಣು ತರಿಸಿದೆವು. ಫೋರ್‌ಮನ್ ನನ್ನ ಕಿವಿಯಲ್ಲಿ, "ಇದು ಏನು, ದೇವರಿಗೆ ಲಂಚವಾ?" ಅಂದ. ಹಾಗೆಂದೇ ಇಟ್ಟುಕೋ ಅಂದೆ. "ನಮ್ಮ ಆಫೀಸರುಗಳೇ ವಾಸಿ," ಎಂದು ತಲೆಯಾಡಿಸಿದ.

ಕೊನೆಗೂ ಹಲಗೆ ಮೇಲೆದ್ದು ಸಮ ನಿಂತಿತು. ಭಟ್ಟರು ಮಂಗಳಾರತಿ ಎತ್ತಿದರು. ನಾವೆಲ್ಲ ಕಣ್ಣು ಮುಚ್ಚಿ ಕೈಮುಗಿದೆವು. ಎಷ್ಟೋ ವರ್ಷಗಳ ಮೇಲೆ ನಾನು ಮನಸಾರೆ ಪ್ರಾರ್ಥಿಸಿದ್ದು ಅಂದೇ, ಅದೂ ವೇಲ್ಸಿನ ಹನ್ನೊಂದು ಜನ ಅಪರಿಚಿತರಿಗಾಗಿ.

ಶನಿವಾರ ಸಂಜೆ ಮ್ಯಾನೇಜರಿಲ್ಲದ ಮನೆಯಲ್ಲಿ ನಾವಿಬ್ಬರೇ ರೇಡಿಯೋ ಮುಂದೆ ಕೂತೆವು. ಅಂದು ಅಡುಗೆಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಓದುವವನ ದನಿ ನಮ್ಮ ತಂಡದ ಹೆಸರು ದಾಟಿ, ಎದುರಾಳಿಯ ಹೆಸರಿಗೆ ಬಂದು ಏರಿತು. ಎರಡು ಗೋಲಿನಿಂದ ಸೋಲು. ಹೆಂಡತಿ ರೇಡಿಯೋ ಆರಿಸಿ, "ಪೂರ್ತಿ ದುಡ್ಡು ಮುಂಗಡ ಕೊಟ್ರೆ ಟೈಲರೇ ರವಿಕೆ ಹೊಲಿದು ಕೊಡುದಿಲ್ಲ," ಅಂದಳು. ಆ ಸಲ ನನಗೆ ನಗು ಬರಲಿಲ್ಲ. ನಿಜಕ್ಕೂ ಸಂಕಟವಾಗಿತ್ತು.

ಭಾನುವಾರ ಬೆಳಿಗ್ಗೆ ವೇಲ್ಸಿನಿಂದ ಮ್ಯಾನೇಜರ ಫೋನು ಬಂತು. ನಾನು ಸಮಾಧಾನ ಹೇಳತೊಡಗಿದೆ. ಅವರು ಅದನ್ನು ಬಿಟ್ಟು, "ನಿಮ್ಮ ಹೆಂಡತಿಯನ್ನು ಒಂದು ವಿಷಯ ಕೇಳಬೇಕು," ಅಂದರು. "ಅವತ್ತು ನೀವೆಲ್ಲ ಕಣ್ಣು ಮುಚ್ಚಿದಾಗ ಹೊಟ್ಟೆ ತುಂಬ ಹಸಿದಿತ್ತು. ಕೈ ಚಾಚಿ ಎದುರಿನ ಹಲಗೆಯಿಂದ ಎರಡು ಹಣ್ಣು ತೆಗೆದು ತಿಂದೆ. ಸಿಪ್ಪೆ ಪಂಚೆಯಲ್ಲಿ ಸುತ್ತಿಟ್ಟೆ. ನಾವು ಸೋತದ್ದೂ ಎರಡೇ ಗೋಲಿನಿಂದ. ಅದರಿಂದಲೇ ಹೀಗಾಯಿತೇ?"

ನಾನು ಫೋನಿಗೆ ಕೈ ಮುಚ್ಚಿ ಹೆಂಡತಿಗೆ ಹೇಳಿದೆ.

"ಪಂಚೆ ಕಲೆ ಎಲ್ಲಿಂದ ಅಂತ ಈಗ ಗೊತ್ತಾಯ್ತು," ಅಂದಳು. ಆಮೇಲೆ ಸ್ವಲ್ಪ ಯೋಚಿಸಿ, "ಹೌದು ಅಂತ ಹೇಳಿ ಮಾರಾಯ್ರೆ. ಕಾರಣ ಅಂತ ಒಂದು ಗೊತ್ತಾದ್ರೆ ರಾತ್ರಿ ನಿದ್ದೆಯಾದ್ರೂ ಬರ್ತದೆ ಪಾಪ."

ನಾನು ಫೋನಿನಲ್ಲಿ, "ಹೌದಂತೆ ಸರ್, ಅದರಿಂದಲೇ ಅಂತೆ," ಅಂದೆ.

ಅತ್ತ ಕಡೆಯಿಂದ ಉದ್ದನೆಯ ಉಸಿರು ಕೇಳಿಸಿತು. ನಾನು ಮೂರು ವರ್ಷದಲ್ಲಿ ಕೇಳಿರದಷ್ಟು ಹಗುರವಾದ ದನಿಯಲ್ಲಿ ಮ್ಯಾನೇಜರು ಹೇಳಿದರು:

"ಸದ್ಯ. ನಾನು ನಿನ್ನೆಯಿಂದ ಸುಮ್ಮನೆ ಗೋಲ್‌ಕೀಪರನ್ನು ಬೈಯುತ್ತಿದ್ದೆ."